ಎರಡು ಮೊಳ

"ಲೆಕ್ಕ ಮಾತ್ರ ಹೇಳ್ಬೇಡ," ಎಂದರು ಡಾಕ್ಟರು.

ಬಾಯಿ ತೆರೆದಿದ್ದ ಭಾವಮೈದುನ ಹಾಗೆಯೇ ಮುಚ್ಚಿಕೊಂಡ. ಗಾಲ್ಫ್ ಮೈದಾನದ ಹದಿನೆಂಟು ಕುಳಿಗಳಲ್ಲಿ ಹದಿನೈದು ಮುಗಿದಿದ್ದವು. ಹದಿನಾರನೆಯದರ ದಿಬ್ಬದ ಮೇಲೆ ಇಬ್ಬರೇ ನಿಂತಿದ್ದರು. ಮೋಡ ಕವಿದ ಬೆಳಗು. ಹುಲ್ಲಿನ ತೇವ ಇನ್ನೂ ಆರಿರಲಿಲ್ಲ.

"ನಾನೇನು ಹೇಳ್ದೆ ಭಾವ? ಹಲ್ಲು ಕಿರಿಯೋದಕ್ಕೂ ನಿಮ್ಮ ಅಪ್ಪಣೆ ಬೇಕಾ?"

"ನಿನ್ನ ಹಲ್ಲೇ ಲೆಕ್ಕ ಹೇಳ್ತಿದೆ ಕಣೋ."

ಯಾರೂ ಹೇಳಬೇಕಾಗಿರಲಿಲ್ಲ. ಈ ತನಕ ಅರವತ್ತಾರು ಹೊಡೆತ. ಉಳಿದ ಮೂರು ಕುಳಿಗಳನ್ನು ಹದಿಮೂರು ಹೊಡೆತದಲ್ಲಿ ಮುಗಿಸಿದರೆ ಎಪ್ಪತ್ತೊಂಬತ್ತು. ಹೊಡೆತ ಕಡಿಮೆಯಾದಷ್ಟೂ ಗಾಲ್ಫಿನಲ್ಲಿ ಆಟ ದೊಡ್ಡದು. ಊರಾಚೆಯ ಈ ಸಾರ್ವಜನಿಕ ಮೈದಾನದಲ್ಲಿ ಇಪ್ಪತ್ತು ವರ್ಷಗಳಿಂದ ವಾರಕ್ಕೊಮ್ಮೆ ಆಡುತ್ತ ಬಂದಿದ್ದರೂ ಡಾಕ್ಟರು ಎಂಬತ್ತರ ಕೆಳಗೆ ಒಮ್ಮೆಯೂ ಇಳಿದವರಲ್ಲ. ಎಂಬತ್ತೊಂದರ ತನಕ ಬಂದದ್ದುಂಟು. ಆದರೆ ಕೊನೆಯ ಕುಳಿಗಳಲ್ಲಿ ಪ್ರತಿ ಸಲವೂ ಏನಾದರೊಂದು ಎಡವಟ್ಟು. "ನಮ್ಮ ಭಾವಂಗೆ ಎಂಬತ್ತು ತುಂಬಿದ ಮೇಲೇ ಎಂಬತ್ತರ ಗಂಡಾಂತರ ಕಳೆಯೋದು," ಎಂದು ಭಾವಮೈದುನ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಡಾಕ್ಟರೂ ನಗುತ್ತಿದ್ದರು.

ಇವತ್ತಿನ ಎಪ್ಪತ್ತೊಂಬತ್ತು ಮಾತ್ರ ಅವರಿಗೆ ಬೇರೊಂದು ಕಾರಣಕ್ಕೆ ಬೇಕಾಗಿತ್ತು.

ಅವರು ಕಣ್ಣಿನ ಶಸ್ತ್ರಚಿಕಿತ್ಸಕರು. ಕೆಲವು ವಾರಗಳ ಹಿಂದೆ ಒಬ್ಬ ಮುದುಕಿಯ ಕಣ್ಣಿನ ಪೊರೆ ತೆಗೆಯುತ್ತಿದ್ದಾಗ ಅವರ ಬಲಗೈ ಹೆಬ್ಬೆರಳು ಒಂದು ಸಲ ಹಾರಿತು. ಅವರು ಅಲುಗಿಸಿದ್ದಲ್ಲ, ಮಲಗಿದ ನಾಯಿಯ ಕಿವಿ ನೊಣಕ್ಕೆ ಅದುರುವ ಹಾಗೆ, ತಾನಾಗಿ. ಕಣ್ಣಿನ ಮಸೂರದ ಹಿಂದಿರುವ ಪದರ ಕೂದಲಿನ ಹತ್ತರಲ್ಲೊಂದು ಪಾಲಿಗಿಂತಲೂ ತೆಳು. ಅದು ಹರಿಯಿತು. ಹರಿದ ಮೇಲೆ ಏನು ಮಾಡಬೇಕೆಂಬುದು ಅವರಿಗೆ ಕರಗತವಾಗಿತ್ತು, ಮಾಡಿದರು. ಮುದುಕಿಗೆ ನೋಟವೂ ಬಂತು, ಆಕೆ ಹೋಗುವಾಗ ಕೈ ಮುಗಿದಳು. ಪದರ ಹರಿಯುವುದು ಎಂಥವರ ಕೈಯಲ್ಲೂ ಅಪರೂಪಕ್ಕೆ ಆಗುವಂಥದ್ದೇ. ಯಾರೂ ಏನೂ ಕೇಳಲಿಲ್ಲ. ಅದು ಯಾಕೆ ಹರಿಯಿತೆಂದು ಬಲ್ಲವರು ತಾವೊಬ್ಬರೇ ಎಂದುಕೊಂಡ ಡಾಕ್ಟರು ಅವತ್ತಿನಿಂದ ಆ ಬೆರಳಿಗೆ ಕಾವಲು ಕೂತಿದ್ದರು. ಗಡ್ಡ ಹೆರೆಯುವಾಗ, ಸಹಿ ಹಾಕುವಾಗ, ಅಂಗಿಯ ಗುಂಡಿ ಹಾಕುವಾಗ. ಕೆಲವು ದಿನ ಏನೂ ಇರುತ್ತಿರಲಿಲ್ಲ. ಕೆಲವು ದಿನ ಚರ್ಮದಡಿಯಲ್ಲಿ ಹುಳು ಹರಿದಂತಾಗುತ್ತಿತ್ತು.

ನರರೋಗದ ಡಾಕ್ಟರು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದರು, ಹಳೆಯ ಗೆಳೆಯರು. ಒಂದು ದಿನ ಇವರು ಮೆಟ್ಟಿಲು ಹತ್ತಿ ಹೋದರು. ಗೆಳೆಯರ ಮಗಳ ಪರೀಕ್ಷೆಯ ವಿಷಯ ಮಾತಾಡಿ ಇಳಿದು ಬಂದರು.

ನಾಳೆ ಬೆಳಿಗ್ಗೆ ಒಬ್ಬ ದರ್ಜಿಯ ಸರದಿ. ಅವನಿಗಿರುವುದು ಒಂದೇ ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಕತ್ತರಿಯ ಮೊನೆ ತಾಗಿ ಹೋಗಿತ್ತು. "ನೀವೇ ಮಾಡ್ಬೇಕು ಸಾರ್. ನಮ್ಮಮ್ಮಂಗೂ ನೀವೇ ಮಾಡಿದ್ದು. ಬೇರೆಯವ್ರ ಕೈಗೆ ನಾನು ಕಣ್ಣು ಕೊಡಲ್ಲ," ಎಂದು ಅವನು ಕುರ್ಚಿಯಿಂದ ಏಳದೆ ಕೂತಿದ್ದ. ಡಾಕ್ಟರು ಆಗಲಿ ಎಂದಿದ್ದರು.

ಆಟ ಇವತ್ತು ಮೊದಲಿನಿಂದಲೂ ಕೈಗೆ ಕೂತಿತ್ತು. ಏಳನೆಯ ಕುಳಿ ದಾಟುವಾಗ ಅವರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು: ಎಪ್ಪತ್ತೊಂಬತ್ತರ ತನಕ ಈ ಕೈ ನಿಂತರೆ ದರ್ಜಿಯ ಕಣ್ಣಿಗೆ ನಾನೇ ಕೈ ಹಾಕುತ್ತೇನೆ. ಒಂದೇ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲವೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಒತ್ತಡದಲ್ಲಿ ಆರೋಗ್ಯವಂತರ ಕೈಯೂ ನಡುಗುತ್ತದೆ, ಆದ್ದರಿಂದ ನಡುಗಿದರೆ ಅದು ಲೆಕ್ಕಕ್ಕಿಲ್ಲ. ನಡುಗದಿದ್ದರೆ ಮಾತ್ರ ಲೆಕ್ಕ. ಹೀಗೆ ಸೋಲೇ ಇಲ್ಲದ ಪರೀಕ್ಷೆಯೊಂದನ್ನು ವಿದ್ಯಾರ್ಥಿ ಯಾರಾದರೂ ಬರೆದು ತಂದಿದ್ದರೆ ಅವರು ಅದನ್ನು ಮುಖದ ಮೇಲೆ ಎಸೆಯುತ್ತಿದ್ದರು. ಆದರೂ ಒಪ್ಪಂದ ಒಪ್ಪಂದವೇ. ಆಗದಿದ್ದರೆ ಏನು ಎಂಬ ಅರ್ಧವನ್ನು ಅವರು ಯೋಚಿಸಲೇ ಇಲ್ಲ.

ಹದಿನಾರನೆಯದರಲ್ಲಿ ಮೂರನೆಯ ಹೊಡೆತಕ್ಕೆ ಚೆಂಡು ಕುಳಿಯ ಪಕ್ಕ ಗೇಣಳತೆಯಲ್ಲಿ ಬಂದು ನಿಂತಿತು. ಇಷ್ಟು ಹತ್ತಿರ ಬಂದದ್ದನ್ನು ಗೆಳೆಯರ ಆಟದಲ್ಲಿ ಹೊಡೆಸುವುದಿಲ್ಲ. ಸಾಕು, ಎತ್ಕೊ ಎಂದು ಎದುರಾಳಿಯೇ ಹೇಳಿಬಿಡುತ್ತಾನೆ, ಒಂದು ಹೊಡೆತ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ.

"ಇದನ್ನೂ ಹೊಡೀಬೇಕೇನೋ?"

"ಹೊಡೀರಿ ಭಾವ. ನಮ್ಮಂಗಡೀಲಿ ಗಾಳಿನೂ ಪುಕ್ಕಟೆ ಇಲ್ಲ."

ಭಾವಮೈದುನನದು ಟೈರಿನ ಅಂಗಡಿ. ಆಟಕ್ಕೆ ಬಂದಾಗಿನಿಂದ ಅವನು ಯಾರಿಗೂ ಒಂದು ಬೆರಳಳತೆಯನ್ನೂ ಬಿಟ್ಟುಕೊಟ್ಟವನಲ್ಲ. ಡಾಕ್ಟರ ಹೆಂಡತಿಯ ತಮ್ಮ, ಅವರ ಹೆಗಲ ಮೇಲೆ ಕೂತು ಬೆಳೆದವನು ಎಂಬ ಸಲಿಗೆ ಬೇರೆ. ಡಾಕ್ಟರು ಬಗ್ಗಿ ಚೆಂಡನ್ನು ಕುಳಿಗೆ ತಳ್ಳಿದರು. ನಾಲ್ಕು. ಎಪ್ಪತ್ತು.

ಹದಿನೇಳನೆಯದರ ಕಡೆ ನಡೆಯುವಾಗ ಎದೆಬಡಿತ ಕಿವಿಯಲ್ಲೇ ಕೇಳತೊಡಗಿತು. ಆಪರೇಷನ್ ಥಿಯೇಟರಿನಲ್ಲಿ ಕಿರಿಯರು ಗಾಬರಿಯಾದಾಗ ಅವರು ಹೇಳುತ್ತಿದ್ದುದು ಒಂದೇ ಮಾತು: ಕಣ್ಣು ಪೂರ್ತಿ ನೋಡಬೇಡಿ, ಮುಂದಿನ ಒಂದು ಮಿಲಿಮೀಟರ್ ನೋಡಿ. ಅದನ್ನೇ ಈಗ ತಮಗೆ ತಾವು ಹೇಳಿಕೊಂಡರು. ಚೆಂಡಿನ ಮೇಲಿನ ನೂರಾರು ತಗ್ಗುಗಳಲ್ಲಿ ಒಂದನ್ನು ಆರಿಸಿಕೊಂಡು, ಅದರಂಚಿಗೆ ಹತ್ತಿದ್ದ ಮಣ್ಣಿನ ಕಣವನ್ನೇ ನೋಡುತ್ತ ಬೀಸಿದರು. ಚೆನ್ನಾಗಿಯೇ ಹೋಯಿತು. ಎರಡನೆಯದೂ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್ ಮುಟ್ಟಿತು. ಅಲ್ಲಿಂದ ಮಾತ್ರ ನಾಲ್ಕನೆಯ ಹೊಡೆತಕ್ಕೆ ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಹೊರಗೇ ಉಳಿಯಿತು, ನಾಲ್ಕಾಗಬೇಕಿದ್ದದ್ದು ಐದಾಯಿತು.

"ಥೂ, ಇದಕ್ಕೇನು ಬಂತು ಕೇಡು," ಎಂದ ಭಾವಮೈದುನ, ತನ್ನದೇ ಚೆಂಡು ಎಂಬಂತೆ. ಆಮೇಲೆ ಮೆಲ್ಲಗೆ, "ಇನ್ನೂ ಹೋಗಿಲ್ಲ ಭಾವ. ನಾಲ್ಕರಲ್ಲಿ ಮುಗಿಸಿದ್ರೆ ಸಾಕು."

"ಲೆಕ್ಕ ಹೇಳ್ಬೇಡ ಅಂದ್ನಲ್ಲೋ!"

ಅವರ ದನಿ ಅವರಿಗೇ ಅಪರಿಚಿತವಾಗಿ ಕೇಳಿಸಿತು. ಭಾವಮೈದುನ ತಿರುಗಿ ಜವಾಬು ಕೊಡಲಿಲ್ಲ. ಸುಮ್ಮನಿರುವುದು ಅವನ ಜಾಯಮಾನವೇ ಅಲ್ಲ ಎಂದು ಡಾಕ್ಟರಿಗೆ ಹೊಳೆದರೂ ಅದನ್ನು ಯೋಚಿಸುವ ವ್ಯವಧಾನ ಇರಲಿಲ್ಲ. ಚೀಲದ ಗಾಡಿಯನ್ನು ಅವನೇ ಎಳೆದುಕೊಂಡು ಮುಂದೆ ಹೋದ.

ಕೊನೆಯ ಕುಳಿ ಉದ್ದಕ್ಕೆ ನೇರ. ಎಡಗಡೆ ತಂತಿಬೇಲಿ, ಆಚೆ ಲಾರಿಗಳು ಓಡಾಡುವ ರಸ್ತೆ. ಮೊದಲ ಹೊಡೆತ ನೇರವಾಗಿ ಹೋಗಿ ನಡುವೆಯೇ ಬಿತ್ತು. ಎರಡನೆಯದು ಗ್ರೀನ್‌ಗೆ ತುಸು ಮೊದಲೇ ನಿಂತಿತು. ಮೂರನೆಯದಕ್ಕೆ ಅವರು ಸಣ್ಣ ಕೋಲಿನಿಂದ ಮೆಲ್ಲಗೆ ಎತ್ತಿ ಹಾಕಿದರು. ಚೆಂಡು ಎರಡು ಸಲ ಕುಪ್ಪಳಿಸಿ, ಇಳಿಜಾರಿನಲ್ಲಿ ಉರುಳಿ, ಕುಳಿಯ ಈಚೆಗೆ ಎರಡು ಮೊಳ ದೂರದಲ್ಲಿ ನಿಂತಿತು. ಮಕ್ಕಳೂ ಹಾಕುವಂಥದ್ದು. ವರ್ಷವಿಡೀ ನಿದ್ದೆಗಣ್ಣಿನಲ್ಲಿ ಅವರು ಹಾಕುತ್ತ ಬಂದದ್ದು.

ಭಾವಮೈದುನ ಬಾವುಟದ ಕೋಲನ್ನು ಕಿತ್ತು ಪಕ್ಕದಲ್ಲಿ ಹಿಡಿದು ನಿಂತ. ಡಾಕ್ಟರು ಕುಳಿಗೆ ತಳ್ಳುವ ಕೋಲು, ಪಟರ್, ಹಿಡಿದು ಚೆಂಡಿನ ಮೇಲೆ ಬಗ್ಗಿದರು. ಉಸಿರನ್ನು ಪೂರ್ತಿ ಬಿಟ್ಟರು. ಚೆಂಡಿನ ಮೇಲೆ ಒಂದು ತಗ್ಗನ್ನು ಹುಡುಕಿದರು. ಮುಂದಿನ ಒಂದು ಮಿಲಿಮೀಟರ್.

ಆಗ ಅದು ಶುರುವಾಯಿತು. ಮೊದಲು ಹೆಬ್ಬೆರಳ ಬುಡದಲ್ಲಿ, ಆಮೇಲೆ ಮಣಿಕಟ್ಟಿನಲ್ಲಿ. ಅವರು ಹಿಂದೆ ಸರಿದರು, ಗ್ರೀನಿನ ಇಳಿಜಾರನ್ನು ಮತ್ತೊಮ್ಮೆ ನೋಡುವವರಂತೆ ಕುಳಿಯ ಸುತ್ತ ಬಂದರು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಒತ್ತಡಕ್ಕೆ ಯಾರ ಕೈಯಾದರೂ ನಡುಗುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಏರಿದಾಗ ಹೀಗಾಗುವುದು ಸಹಜ. ಇದು ಲೆಕ್ಕಕ್ಕಿಲ್ಲ. ಮತ್ತೆ ಬಂದು ಬಗ್ಗಿದರು. ಈ ಸಲ ಎಡಗೈಯನ್ನು ಬಲಗೈಯ ಮೇಲೆ ಬಿಗಿಯಾಗಿ ಒತ್ತಿ ಹಿಡಿದಿದ್ದರು. ಆದರೂ ಪಟರಿನ ಕಬ್ಬಿಣದ ತುದಿ ಹುಲ್ಲಿನ ಎಸಳುಗಳನ್ನು ಸಣ್ಣಗೆ ಕೆರೆಯುತ್ತಲೇ ಇತ್ತು. ಕೆರೆಯುವ ಸದ್ದು ಅವರಿಗೆ ಕೇಳುತ್ತಿತ್ತು. ತಮಗೆ ಮಾತ್ರ ಕೇಳುತ್ತಿದೆ ಎಂದುಕೊಂಡರು. ಅದರದೊಂದು ಲಯವಿತ್ತು. ಗಾಬರಿಯ ನಡುಕಕ್ಕೆ ಲಯ ಇರುವುದಿಲ್ಲ ಎಂಬ ಮಾತು ಎಲ್ಲಿಂದಲೋ ಬಂದು ತಲೆಯಲ್ಲಿ ಕೂತಿತು. ಅದು ನಿಜವೋ ಅಲ್ಲವೋ ಎಂದು ನೆನಪಿಸಿಕೊಳ್ಳಲು ಆಗಲಿಲ್ಲ. ಸುಮ್ಮನೆ ನಿಂತರು. ಹಿಂದಕ್ಕೆಳೆದು ಹೊಡೆಯಬೇಕಾದ ಕೋಲು ಹಿಂದಕ್ಕೆ ಹೋಗಲೊಲ್ಲದು.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಒಂದು ಜೊತೆ ಶೂಗಳು ಅವರ ಕಣ್ಣಳತೆಯೊಳಗೆ ಬಂದವು. ಭಾವಮೈದುನ ಬಗ್ಗಿ ಚೆಂಡನ್ನು ಎತ್ತಿಕೊಂಡ.

"ಸಾಕು ಬಿಡಿ ಭಾವ. ಆಯ್ತದು."

ಡಾಕ್ಟರು ತಲೆಯೆತ್ತಿದರು.

"ಎಪ್ಪತ್ತೊಂಬತ್ತು!" ಎಂದು ಅವನು ಚಪ್ಪಾಳೆ ತಟ್ಟಿದ. ಖಾಲಿ ಮೈದಾನದಲ್ಲಿ ಆ ಸದ್ದು ಬೇಕಾದದ್ದಕ್ಕಿಂತ ಜೋರಾಯಿತು. "ಅಂತೂ ದಾಟಿದ್ರಲ್ಲ ಗಂಡಾಂತರಾನ!"

"ನಾನಿನ್ನೂ ಹೊಡೆದೇ ಇಲ್ವಲ್ಲೋ."

"ಹೊಡೆದ ಹಾಗೇ. ನಿಮಗೆ ಇದೂ ಒಂದು ಹೊಡೆತಾನಾ?"

"ಚೆಂಡು ಅಲ್ಲೇ ಇಡು."

"ಬಿಡಿ ಭಾವ, ನಾನು ಕೊಟ್ಟೆ ಅಂದ್ಮೇಲೆ ಕೊಟ್ಟೆ."

"ನೀನು ಯಾವತ್ತು ಯಾರಿಗೆ ಕೊಟ್ಟಿದ್ದೀಯ?"

ಅವನು ನಗಲು ನೋಡಿದ. ಬಾಯಿ ನಕ್ಕಿತು. ಕಣ್ಣು ಮಾತ್ರ ಡಾಕ್ಟರ ಕೈಗಳ ಮೇಲೆ ಇಳಿದು, ತಪ್ಪು ಮಾಡಿದಂತೆ ಅಲ್ಲಿಂದೆದ್ದು ಬೇಲಿಯ ಕಡೆ ಹೋಯಿತು. ಪಟರ್ ಡಾಕ್ಟರ ಕೈಯಲ್ಲೇ ಇತ್ತು. ತುದಿ ಇನ್ನೂ ಹುಲ್ಲನ್ನು ಕೆರೆಯುತ್ತಿತ್ತು. ಅವರು ಅದನ್ನು ನೆಲದ ಮೇಲೆ ಮಲಗಿಸಿದರು.

"ಯಾವಾಗಿಂದ ಗೊತ್ತು?"

"ಏನು?"

"ನಾಟಕ ಬೇಡ ಕಣೋ."

ಭಾವಮೈದುನ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡ. "ನಂಗೇನು ಗೊತ್ತಾಗತ್ತೆ ಭಾವ, ಟೈರ್ ಮಾರೋನಿಗೆ. ಸುಸ್ತಿರಬಹುದು. ನಿದ್ದೆ ಕಡಿಮೆ ಆದ್ರೂ ಹಾಗಾಗತ್ತಂತೆ."

"ನಿಮ್ಮಕ್ಕ ಏನಾದ್ರೂ ಹೇಳಿದ್ಲಾ?"

"ಅಕ್ಕ ಏನು ಹೇಳ್ತಾಳೆ." ಚೆಂಡನ್ನು ಅಂಗಿಗೆ ಒರೆಸುತ್ತ ಹೇಳಿದ: "ಮೊನ್ನೆ ಅಂಗಡಿಗೆ ಬಂದಿದ್ಲು. ಅತ್ಲು."

ರಸ್ತೆಯಲ್ಲಿ ಒಂದು ಲಾರಿ ಗೇರು ಬದಲಾಯಿಸಿಕೊಂಡು ಏರು ಹತ್ತಿತು. ಮನೆಯಲ್ಲಿ ಹೆಂಡತಿ ಒಂದು ಸಲವೂ ತಮ್ಮ ಕೈಯ ಕಡೆ ನೋಡಿದ್ದನ್ನು ಡಾಕ್ಟರು ಕಂಡಿರಲಿಲ್ಲ. ನೋಡದಿರುವುದಕ್ಕೆ ಎಷ್ಟು ಎಚ್ಚರ ಬೇಕಾಗಿತ್ತು ಎಂದು ಅವರು ಮೊದಲ ಬಾರಿಗೆ ಅಂದಾಜು ಹಾಕಿದರು.

ಗ್ರೀನ್ ಬಿಟ್ಟು ಇಳಿದು, ನೀರಿನ ನಲ್ಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ಎಡಗೈಯಿಂದ ಆಸ್ಪತ್ರೆಗೆ ಫೋನ್ ಮಾಡಿದರು. ಥಿಯೇಟರಿನ ಹಿರಿಯ ಸಿಸ್ಟರ್ ಎತ್ತಿಕೊಂಡರು. ಹದಿನಾಲ್ಕು ವರ್ಷಗಳಿಂದ ಡಾಕ್ಟರ ಬಲಗಡೆ ನಿಂತು, ಕೇಳುವ ಮೊದಲೇ ಬೇಕಾದ ಉಪಕರಣವನ್ನು ಕೈಗಿಡುತ್ತಿದ್ದ ಹೆಂಗಸು.

"ಸಿಸ್ಟರ್, ನಾಳೆ ದರ್ಜಿಯವರ ಕಣ್ಣು... ನಮ್ಮ ಚಿಕ್ಕ ಡಾಕ್ಟರಮ್ಮ ಮಾಡ್ಲಿ."

"ಸರಿ ಸರ್."

ಯಾಕೆ ಎಂದು ಆಕೆ ಕೇಳುತ್ತಾರೆಂದು ಡಾಕ್ಟರು ಕಾದರು. ಬೇರೆ ಊರಿಗೆ ಹೋಗಬೇಕಾಗಿದೆ ಎಂಬ ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಡಾಕ್ಟರಮ್ಮಂಗೆ ಹೇಳ್ಬೇಕಲ್ಲ, ಇಷ್ಟು ಕೊನೇ ಗಳಿಗೇಲಿ," ಎಂದರು ತಾವೇ.

"ಹೇಳಿದ್ದೀನಿ ಸರ್. ನಿಮ್ಮ ಯಾವ ಕೇಸಿಗಾದ್ರೂ ಬೇಕಾದ್ರೆ ತಯಾರಾಗಿರ್ಲಿ ಅಂತ." ಸಿಸ್ಟರ ದನಿ ಎಂದಿನಂತೆಯೇ ಸಪಾಟಾಗಿತ್ತು. "ಸಾರಿ ಸರ್. ನಿಮ್ಮನ್ನ ಕೇಳ್ದೆ ಹೇಳ್ಬಿಟ್ಟೆ."

"ಯಾವಾಗ ಹೇಳಿದ್ರಿ?"

"ಅಜ್ಜಿ ಆಪರೇಷನ್ ಆಯ್ತಲ್ಲ ಸರ್, ಅವತ್ತೇ."

ಡಾಕ್ಟರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಆ ಕಡೆ ಯಾರೋ ಉಕ್ಕಿನ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.

"ಪೇಷೆಂಟು ಒಪ್ಪಲ್ಲ ಸರ್. ನೀವೇ ಆಗ್ಬೇಕು ಅಂತ ಹಟ ಹಿಡೀತಾರೆ. ಏನು ಹೇಳ್ಲಿ?"

"ನೀವೇನೂ ಹೇಳ್ಬೇಡಿ. ಬೆಳಿಗ್ಗೆ ನಾನೇ ಬಂದು ಹೇಳ್ತೀನಿ."

"ಏನಂತ ಸರ್?"

"ಪಕ್ಕದಲ್ಲೇ ನಿಂತಿರ್ತೀನಿ ಅಂತ," ಎಂದರು ಕೊನೆಗೆ. "ಮುಗಿಯೋ ತನಕ."

"ಸರಿ ಸರ್," ಎಂದರು ಸಿಸ್ಟರ್. ಅಲ್ಲಿ ಯಾರೋ ಅವರನ್ನು ಕರೆದರು.

ನಲ್ಲಿಯ ಹತ್ತಿರ ಭಾವಮೈದುನ ಕುಕ್ಕುರುಗಾಲಿನಲ್ಲಿ ಕೂತಿದ್ದ. ತನ್ನ ಕೋಲುಗಳ ಮಣ್ಣನ್ನೇ ಒಂದು ದಿನವೂ ತೊಳೆದವನಲ್ಲ. ಈಗ ಡಾಕ್ಟರ ಚೀಲವನ್ನು ಮಡಿಲಿಗೆ ಒರಗಿಸಿಕೊಂಡು ಒಂದೊಂದೇ ಕೋಲನ್ನು ಹೊರಗೆಳೆದು, ನೀರಿಗೆ ಹಿಡಿದು, ಟವೆಲಿನಿಂದ ಹಿಡಿಕೆಯಿಂದ ತುದಿಯ ತನಕ ಒರೆಸಿ ಒಳಗಿಡುತ್ತಿದ್ದ. ಮಣ್ಣಾಗಿದ್ದವೆಲ್ಲ ಮುಗಿದವು. ಅವನು ತಲೆಯೆತ್ತಲಿಲ್ಲ. ಇವತ್ತು ಚೀಲದಿಂದ ಹೊರಗೇ ಬಂದಿರದ ಒಂದು ಕೋಲನ್ನು ಎಳೆದುಕೊಂಡು ಅದನ್ನೂ ನೀರಿಗೆ ಹಿಡಿದ.