ಅಕ್ಕನಿಗೊಬ್ಬ ತಮ್ಮ

ಶವಪೆಟ್ಟಿಗೆ ಇಡಬೇಕಾದ ಮೇಜಿನ ಒಂದು ಕಾಲು ಕುಂಟುತ್ತಿತ್ತು. ಕಟಿಂಗ್ ಮಾಸ್ಟರ್ ಮಂಡಿಯೂರಿ ಅದರಡಿಗೆ ರಟ್ಟಿನ ಚೂರು ತುರುಕುತ್ತಿದ್ದಾಗ ಪ್ರಾರ್ಥನಾ ಮಂದಿರದ ಗೇಟಿನಲ್ಲಿ ಪ್ಯಾಂಟಣ್ಣ ಕಾಣಿಸಿದ. ಕೈಯಲ್ಲಿ ಬಿಳಿ ಹೂವು, ಬಗಲಲ್ಲಿ ಒಂದು ಪುಸ್ತಕ. ಮಾಸ್ಟರ್ ಮೇಜಿನ ಮರೆಗೆ ತಲೆ ತಗ್ಗಿಸಿದರು.

ಇನ್ನು ಸ್ವಲ್ಪ ಹೊತ್ತಿಗೆ ಆ ಮೇಜಿನ ಮೇಲೆ ಬರುವವಳು ಅವರ ಒಡಹುಟ್ಟಿದ ಅಕ್ಕ. ಅದು ಮಂದಿರದ ಕ್ರೈಸ್ತ ಸಭೆಗೆಲ್ಲ ಗೊತ್ತಿತ್ತು. ಮಾಸ್ಟರ್ ಕೆಲಸ ಮಾಡುವ ದರ್ಜಿ ಅಂಗಡಿಗೆ ಮಾತ್ರ ಗೊತ್ತಿರಲಿಲ್ಲ; ಅವರು ಈ ಸಭೆಯವರೆಂಬುದೂ ಗೊತ್ತಿರಲಿಲ್ಲ. ಪ್ಯಾಂಟಣ್ಣ ಆ ಅಂಗಡಿಯವನು. ಮಾಸ್ಟರ್ ಕತ್ತರಿಸಿ ಕೊಟ್ಟದ್ದನ್ನು ಅವರ ಪಕ್ಕದ ಮಷಿನ್ನಿನಲ್ಲೇ ಕೂತು ಪ್ಯಾಂಟಾಗಿ ಹೊಲಿಯುವವನು.

ಮಾಸ್ಟರ್ ಎದ್ದು ಮುಂದಿನ ಬೆಂಚಿಗೆ, ಹೆಂಡತಿಯ ಪಕ್ಕಕ್ಕೆ ಹೋಗಬೇಕಿತ್ತು. ಕಾಲುಗಳು ಹಿಂದಿನ ಬೆಂಚಿನ ಕಡೆ ನಡೆದವು. ಕಂಬದ ಮರೆಗೆ ಸರಿಯುವಷ್ಟರಲ್ಲಿ ಪ್ಯಾಂಟಣ್ಣ ಹಿಡಿದುಬಿಟ್ಟ.

"ಅರೆ, ಮಾಸ್ಟ್ರೇ! ನೀವೂ ಬಂದ್ರಾ?"

"ಹೂಂ... ಬಂದೆ."

"ನಿಮ್ಮ ನೆಂಟರ ಸಾವು ಮುಗಿಸ್ಕೊಂಡು ಸೀದಾ ಇಲ್ಲಿಗೇ ಬಂದ್ರಲ್ಲ. ಒಬ್ಬ ಕಾಜಾ ಹಾಕೋ ಹೆಂಗಸಿಗೆ ಯಾರು ಅಷ್ಟು ಮಾಡ್ತಾರೆ? ದೊಡ್ಡ ಮನಸ್ಸು ಕಣ್ರೀ ನಿಮ್ದು."

ರಜೆ ಕೇಳುವಾಗ ಮಾಸ್ಟರ್ ಅಂಗಡಿ ಮಾಲೀಕರಿಗೆ ದೂರದ ನೆಂಟರೊಬ್ಬರು ತೀರಿಕೊಂಡರು ಎಂದಿದ್ದರು. ಈಗಲಾದರೂ ನಿಜ ಹೇಳಬಹುದಿತ್ತು. ಕೆಮ್ಮಿ, ಕೈಯಲ್ಲುಳಿದ ರಟ್ಟಿನ ಚೂರನ್ನು ಜೇಬಿಗೆ ಹಾಕಿಕೊಂಡರು.

"ಬನ್ನಿ, ನನ್ನ ಜೊತೆ ಕೂತ್ಕೊಳ್ಳಿ. ನನಗೂ ಇಲ್ಲಿ ಹೊಸದು, ನಿಮಗೂ ಹೊಸದು," ಎಂದು ಪ್ಯಾಂಟಣ್ಣ ಕೊನೆಯ ಬೆಂಚಿನ ಧೂಳನ್ನು ಕರವಸ್ತ್ರದಿಂದ ಒರೆಸಿದ. ಆ ಮಂದಿರಕ್ಕೆ ಇಟ್ಟಿಗೆ ಹೊತ್ತವರಲ್ಲಿ ಮಾಸ್ಟರೂ ಒಬ್ಬರು. ಈಗ ಅಲ್ಲಿ ಸಭೆಯ ಹಿರಿಯರು. ಹೋದ ತಿಂಗಳಷ್ಟೇ ಯುವಕರನ್ನು ಕೂರಿಸಿಕೊಂಡು, ಕೆಲಸದ ಜಾಗದಲ್ಲಿ ಯೇಸುವಿಗೆ ಸಾಕ್ಷಿಗಳಾಗಿ ಬಾಳಬೇಕು, ಬಾಯಿ ಬಿಟ್ಟು ಹೇಳಬೇಕು ಎಂದು ಮೇಜು ಕುಟ್ಟಿ ಮಾತಾಡಿದ್ದರು. ಆಗ ಕುಟ್ಟಿದ್ದೂ ಇದೇ ಕುಂಟು ಮೇಜನ್ನೇ.

ಪ್ಯಾಂಟಣ್ಣ ಒರೆಸಿದ ಜಾಗದಲ್ಲಿ ಮಾಸ್ಟರ್ ಹೊಸಬರಂತೆ ಕೂತರು.

*

ಅಕ್ಕನಿಗೆ ಅಂಗಡಿಯ ಕೆಲಸ ಕೊಡಿಸಿದ್ದು ಮಾಸ್ಟರೇ. ಅಂಗಿ, ಕೋಟುಗಳ ಗುಂಡಿ ತೂತುಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು ತಂದುಕೊಡುವುದು. ಅಂಗಡಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರಿಂದ ಮಾಸ್ಟರ್ ಹಾಗೆ ಕರೆದರೂ ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ.

ಒಂದು ದಿನ ಅವಳು ಗಂಟು ಇಳಿಸುತ್ತಿದ್ದಾಗ ಗಿರಾಕಿಯೊಬ್ಬಳು ಬಟ್ಟೆ ತಡವಾಯಿತೆಂದು ಕೂಗಾಡುತ್ತಿದ್ದಳು. ಕೂಗುತ್ತ ಕೂಗುತ್ತ ಅತ್ತೇಬಿಟ್ಟಳು. ತಾಯಿ ಆಸ್ಪತ್ರೆಯಲ್ಲಿದ್ದರು, ಉಳಿಯುವ ಭರವಸೆ ಇರಲಿಲ್ಲ.

"ನಿಮ್ಮ ತಾಯಿಗೋಸ್ಕರ ಪ್ರಾರ್ಥನೆ ಮಾಡ್ಲಾ ಅಮ್ಮಾ? ಬೇಡ ಅಂದ್ರೆ ಬೇಡ," ಅಂದಳು ಅಕ್ಕ.

ಆಕೆ ತಲೆಯಾಡಿಸಿದಳು. ಅಕ್ಕ ಅಲ್ಲೇ ನಿಂತು ಎರಡು ಮಾತು ಬೇಡಿಕೊಂಡಳು. ಮಷಿನ್ನುಗಳೆಲ್ಲ ಸುಮ್ಮನಾದವು. ಮಾಸ್ಟರ್ ಮಾತ್ರ ಬೇಕಿಲ್ಲದ ಚೂರು ಬಟ್ಟೆಯನ್ನು ಕತ್ತರಿಸುತ್ತಲೇ ಇದ್ದರು.

ಇಬ್ಬರೂ ಹೋದ ಮೇಲೆ ಮಾಲೀಕರು ನಕ್ಕರು. "ಬೋರ್ಡು ಬದಲಾಯಿಸೋಣ್ರಪ್ಪ. ಒಂದು ಕೋಟು ಹೊಲಿಸಿದ್ರೆ ಒಂದು ಪ್ರಾರ್ಥನೆ ಉಚಿತ!"

ಎಲ್ಲರೂ ನಕ್ಕರು. ಮಾಸ್ಟರೂ ನಕ್ಕರು, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

"ಅಲ್ಲಾ ಮಾಸ್ಟ್ರೇ, ಅವರನ್ನ ಕರ್ಕೊಂಡು ಬಂದೋರು ನೀವಲ್ವಾ? ನಿಮಗೇನಾಗ್ಬೇಕು?" ಮಾಲೀಕರು ಕೇಳಿದರು.

"ನನಗಾ? ಏನೂ ಆಗ್ಬೇಕಿಲ್ಲ. ನಮ್ಮ ಬೀದಿಯೋರು. ಕೈಕೆಲಸ ಚೆನ್ನಾಗಿದೆ ಅಂತ ಹೇಳ್ದೆ, ಅಷ್ಟೇ."

ತಲೆಯೆತ್ತಿದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ದಾರದ ಉಂಡೆ ಮರೆತಿದ್ದೆ," ಎಂದು ಒಳಗೆ ಬಂದು, ಅದನ್ನು ತೆಗೆದುಕೊಂಡು ಹೋದಳು.

ಭಾನುವಾರ ಎಂದಿನಂತೆ ತಮ್ಮನ ಮನೆಗೆ ಊಟಕ್ಕೆ ಬಂದಳು. ಮಾಸ್ಟರ್ ತಡವರಿಸಿದರು: "ಅಕ್ಕಾ, ಅಂಗಡೀಲಿ ಅವತ್ತು ನಾನು..."

"ಇರ್ಲಿ ಬಿಡೋ. ನಿನ್ನ ಬಿಳಿ ಅಂಗಿ ತೋಳಿನ ಗುಂಡಿ ಅಲ್ಲಾಡ್ತಿದೆ, ನೋಡ್ಕೊಳ್ಳೋದಿಲ್ವಾ? ಬಿಚ್ಚಿ ಕೊಡು."

ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟಳು. ಆಮೇಲೆ ಅವಳು ಅಂಗಡಿಗೆ ಬರಲಿಲ್ಲ. ಗಂಟನ್ನು ಅವಳ ಕೋಣೆಗೆ ಒಯ್ದು ತರುವ ಕೆಲಸ ಪ್ಯಾಂಟಣ್ಣನ ಪಾಲಿಗೆ ಬಂತು. ತಾನು ಪಾರಾದೆ ಎಂದು ಮಾಸ್ಟರ್‌ಗೆ ಅನ್ನಿಸಿತ್ತು. ಹಾಗನ್ನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತಿತ್ತು.

*

ಪೆಟ್ಟಿಗೆ ಒಳಗೆ ಬಂತು. ಎಲ್ಲರೂ ಎದ್ದು ಹಾಡಲು ತೊಡಗಿದರು. ಪ್ಯಾಂಟಣ್ಣ ಬಗಲಲ್ಲಿದ್ದ ಹಾಡಿನ ಪುಸ್ತಕ ತೆರೆದು, ಮಾಸ್ಟರಿಗೂ ಕಾಣುವಂತೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟ.

"ಅಕ್ಕ ಕೊಟ್ಟಿದ್ದು. ಇದು ಅವರಿಗೆ ಇಷ್ಟದ ಹಾಡು. ನಿಮಗೆ ಗೊತ್ತಿರೋದಿಲ್ಲ, ನನ್ನ ಬೆರಳು ನೋಡ್ತಾ ಬನ್ನಿ."

ಮಾಸ್ಟರ್ ಮಾತು ಕಲಿಯುವ ಮೊದಲೇ ತಾಯಿಯ ತೊಡೆಯ ಮೇಲೆ ಕೇಳಿದ ಹಾಡು ಅದು. ಮೈಕಿಲ್ಲದೆ ಮಂದಿರ ತುಂಬುವ ದನಿ ಅವರದು. ಚೆನ್ನಾಗಿ ಹಾಡಿದರೆ ಸಿಕ್ಕಿಬೀಳುತ್ತೇನೆಂದು ಅಲ್ಲಲ್ಲಿ ಬೇಕೆಂದೇ ರಾಗ ತಪ್ಪಿಸಿದರು. ಅಕ್ಕನ ಹೆಣದ ಮುಂದೆ ಅಕ್ಕನ ಹಾಡನ್ನು ಕೆಡಿಸಿ ಹಾಡಿದರು. ತನ್ನ ಬಗ್ಗೆ ಅವರಿಗೇ ಹೇಸಿಗೆಯಾಯಿತು.

ಹೆಂಡತಿ ಮುಂದಿನ ಬೆಂಚಿನಿಂದ ಹೊರಳಿ ನೋಡಿ ಕೈ ಬೀಸಿದಳು.

"ಆ ಅಮ್ಮ ಯಾರೋ ಕರೀತಿದಾರೆ," ಅಂದ ಪ್ಯಾಂಟಣ್ಣ.

"ನಮ್ಮನ್ನಲ್ಲ ಬಿಡಿ."

ಕೂತ ಮೇಲೆ ಪ್ಯಾಂಟಣ್ಣ ಮೆಲ್ಲಗೆ ಮಾತು ತೆಗೆದ. "ನನ್ನವಳು ಹೋದ ವರ್ಷ ಹಾಸಿಗೆ ಹಿಡಿದಿದ್ದಾಗ ದಿನಾ ಸಾಯಂಕಾಲ ಅಕ್ಕ ಬರ್ತಿದ್ರು. ತಲೆ ಬಾಚಿ, ಗಂಜಿ ಕುಡಿಸಿ, ಪ್ರಾರ್ಥನೆ ಮಾಡಿ ಹೋಗೋರು. ಅವಳು ಹೋಗುವಾಗ ಹೆದರ್ಕೊಳ್ಳಲಿಲ್ಲ ಮಾಸ್ಟ್ರೇ. ಅದು ಅಕ್ಕನಿಂದ್ಲೇ."

ಮಾಸ್ಟರ್‌ಗೆ ಆ ದಿನಗಳು ನೆನಪಿದ್ದವು. ಪಕ್ಕದ ಮಷಿನ್ನಿನಲ್ಲಿ ಇವನು ಕಣ್ಣೊರೆಸಿಕೊಂಡು ಹೊಲಿಯುತ್ತಿದ್ದ.

"ನೀವೂ ಟೀ ತರಿಸಿ ಕೊಡ್ತಿದ್ರಿ, ಮರೆತಿಲ್ಲ ನಾನು," ಎಂದು ಪ್ಯಾಂಟಣ್ಣ ಅವರ ಮೊಣಕೈ ತಟ್ಟಿದ. "ಇಲ್ಲಿಗೆ ಬಾ ಅಂತ ಅಕ್ಕ ಎಷ್ಟು ಸಲ ಕರೆದ್ರೋ. ಧೈರ್ಯ ಬರ್ಲಿಲ್ಲ. ಪರಿಚಯದ ಮುಖ ಒಂದಾದ್ರೂ ಇದ್ದಿದ್ರೆ ಬಂದುಬಿಡ್ತಿದ್ದೆ."

ಮಾಸ್ಟರ್ ಕನ್ನಡಕ ತೆಗೆದು ಒರೆಸತೊಡಗಿದರು.

"ಊಟಕ್ಕೆ ಮುಂಚೆ ಒರೆಸೋ ಹಾಗೇ ಒರೆಸ್ತೀರಲ್ರೀ ಇಲ್ಲೂ!" ಎಂದು ಅವನು ಅಳುವಿನ ನಡುವೆಯೇ ನಕ್ಕ. ದಿನವೂ ಡಬ್ಬಿ ಬಿಚ್ಚುವ ಮೊದಲು ಕನ್ನಡಕ ಒರೆಸುವ ನೆಪದಲ್ಲಿ ಮಾಸ್ಟರ್ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ಹಾಗೆ ಒರೆಸಿ ಒರೆಸಿ ಗಾಜೇ ಮಸುಕಾಗಿತ್ತು.

"ಅಕ್ಕಂಗೆ ಒಬ್ಬ ತಮ್ಮ ಇದಾನಂತೆ," ಪ್ಯಾಂಟಣ್ಣ ಮುಂದುವರಿಸಿದ. "ಯಾರು, ಎಲ್ಲಿರ್ತಾನೆ, ಒಂದೂ ಹೇಳ್ಲಿಲ್ಲ. 'ಒಳ್ಳೆಯವನು ಕಣಪ್ಪಾ, ಹೆದರಿಕೆ ಜಾಸ್ತಿ ಅವನಿಗೆ, ಧೈರ್ಯ ಕೊಡಪ್ಪಾ ಅಂತ ನೀನೂ ದೇವರ ಹತ್ರ ಒಂದು ಮಾತು ಕೇಳ್ಕೋ' ಅನ್ನೋರು. ಈಗ್ಲೂ ದಿನಾ ರಾತ್ರಿ ಕೇಳ್ಕೊಳ್ತೀನಿ. ಮುಖ ನೋಡ್ದೇ ಇರೋನಿಗೆ! ಇವತ್ತಾದ್ರೂ ನೋಡ್ಬೇಕು ಅಂತಲೇ ಬಂದೆ."

ಮಾಸ್ಟರ್‌ಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಅವತ್ತು ಅಂಗಡಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೊನೆಯವರೆಗೂ ಅವರ ಸುಳ್ಳನ್ನು ಕಾಪಾಡಿದ್ದಳು.

ಮುಂದೆ ಪಾಸ್ಟರ್ ಎದ್ದು ನಿಂತರು. "ಪೆಟ್ಟಿಗೆಗೆ ಹೆಗಲು ಕೊಡೋದಕ್ಕೆ ಮುಂಚೆ ಮನೆಯವರು ಒಂದೆರಡು ಮಾತಾಡ್ಬೇಕು. ನಮ್ಮ ಸಹೋದರಿಯ ತಮ್ಮ ಮುಂದೆ ಬರ್ಬೇಕು."

"ತಮ್ಮ!" ಪ್ಯಾಂಟಣ್ಣ ಕತ್ತು ನಿಮಿರಿಸಿ ಬೆಂಚು ಬೆಂಚನ್ನೂ ಹುಡುಕತೊಡಗಿದ. "ಯಾರು, ಎಲ್ಲಿದಾನೆ?"

ಸಭೆಯವರ ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಮಾಸ್ಟರ್ ಮುಂದಿನ ಬೆಂಚಿನ ಬೆನ್ನು ಹಿಡಿದು ಎದ್ದು ನಿಂತರು.

ಪ್ಯಾಂಟಣ್ಣ ಗಾಬರಿಯಿಂದ ಅವರ ತೋಳು ಹಿಡಿದೆಳೆದ. "ಕೂತ್ಕೊಳ್ಳಿ ಮಾಸ್ಟ್ರೇ, ಎಲ್ರೂ ನೋಡ್ತಿದಾರೆ. ಕರೀತಿರೋದು ಅಕ್ಕನ ತಮ್ಮನ್ನ."

"ನಾನೇ," ಅಂದರು ಮಾಸ್ಟರ್. ಇನ್ನೊಮ್ಮೆ ಅಂದರು, "ನಾನೇ ಕಣಪ್ಪಾ, ಅದು."

ಪ್ಯಾಂಟಣ್ಣನಿಗೆ ಅರ್ಥವಾಗಲಿಲ್ಲ. ಅವರ ಮರ್ಯಾದೆ ಉಳಿಸಬೇಕೆಂದು ತೋಳನ್ನು ಇನ್ನಷ್ಟು ಬಲವಾಗಿ ಜಗ್ಗಿದ. ಬಿಳಿ ಅಂಗಿಯ ತೋಳಿನ ತುದಿ ಅವನ ಮುಷ್ಟಿಯಲ್ಲಿ ಮುದುಡಿತು; ಅಕ್ಕ ಹೊಲಿದ ಗುಂಡಿ ಮಾತ್ರ ಕಿತ್ತು ಬರಲಿಲ್ಲ.