ತಮ್ಮಾರೊನ ಏಣಿ

ದ್ರಾಕ್ಷಿ ತುಂಬಿದ ಬುಟ್ಟಿ ಹಗ್ಗದಲ್ಲಿ ಇಳಿದುಬಂದು ಚೂಪು ತಳದಿಂದ ನೆಲಕ್ಕೆ ನಾಟಿಕೊಂಡಿತು. ಎಲ್ಪಿದಿಯೊ ಅದನ್ನು ಬರಿದುಮಾಡಿ, ಮತ್ತೆ ಕಟ್ಟಿ, ಹಗ್ಗ ಜಗ್ಗಿದ. ಮೇಲೆ, ಪಾಪ್ಲರ್ ಮರಗಳಿಗೆ ಹಬ್ಬಿದ ಬಳ್ಳಿಯ ನೆತ್ತಿಯಲ್ಲಿ ತಮ್ಮಾರೊ ಹಾಡಿಕೊಳ್ಳುತ್ತಿದ್ದ. ಆ ದನಿ ಕೇಳಿದರೇ ಎಲ್ಪಿದಿಯೊಗೆ ಮೈಯೆಲ್ಲ ಉರಿ.

ಹೋದ ವರ್ಷದವರೆಗೂ ಆ ಎತ್ತರ ಎಲ್ಪಿದಿಯೊನದಾಗಿತ್ತು. ಅವೆರ್ಸಾ ಪಟ್ಟಣದ ಸುತ್ತಮುತ್ತ ಬಿಟ್ಟರೆ ಕಾಣಸಿಗದ ಅಸ್ಪ್ರೀನಿಯೊ ದ್ರಾಕ್ಷಿ, ರಾಸಾಯನಿಕ ಸೋಕದ ಬಳ್ಳಿ, ಹಲ್ಲು ಚುಳುಕ್ಕೆನ್ನಿಸುವ ಬಿಳಿ ವೈನು. ಕುಡಿದವರೆಲ್ಲ ಅವನ ಕೈಗುಣವನ್ನೇ ಹೊಗಳುತ್ತಿದ್ದರು. ಸೊಂಟದ ಆಪರೇಷನ್ ಆದಮೇಲೆ ಡಾಕ್ಟರು ಏಣಿ ಹತ್ತಬೇಡ ಎಂದರು. ಅದನ್ನಾದರೂ ನುಂಗಿಕೊಂಡಾನು. ಆದರೆ ಊರಿಗೆಲ್ಲ ಏಣಿ ಮಾಡಿಕೊಡುವವಳು ಅವನ ಹೆಂಡತಿ ಫಿಲುಮೇನಾ. ಹತ್ತುವವನ ಕಾಲಿನ ಅಳತೆಗೆ ಮೆಟ್ಟಿಲು ಕೂರಿಸಬೇಕು. ಮೊಣಕಾಲು ಮೆಟ್ಟಿಲಿಗೆ ಸಿಕ್ಕಿಸಿ ನಿಂತರೆ ಮಾತ್ರ ಎರಡೂ ಕೈ ಕೊಯ್ಲಿಗೆ ಸಿಗುತ್ತವೆ. ಅದಕ್ಕೇ ಅವಳು ಅಂಗಳದಲ್ಲಿ ಕೂತು, ಈ ಸಲ ಗಂಡನ ಬದಲು ಹತ್ತಲು ಬಂದ ತಮ್ಮಾರೊನ ಹಿಮ್ಮಡಿಯಿಂದ ಮೊಣಕಾಲಿನವರೆಗೆ ದಾರ ಹಿಡಿದಿದ್ದಳು. ಅವನೋ ಹೆಂಡತಿ ಸತ್ತ, ಕಟ್ಟುಮಸ್ತಾದ ಗಂಡಸು.

"ಕಾಲು ಮುಟ್ಟಿ ಅಳೀಬೇಕಿತ್ತಾ?" ಎಂದು ಎಲ್ಪಿದಿಯೊ ಅವತ್ತೇ ಹೆಂಡತಿಯನ್ನು ಕೇಳಿದ್ದ.

"ಮುಟ್ಟದೆ ಅಳೆಯೋಕೆ ನಾನೇನು ಮಂತ್ರವಾದಿನಾ? ಮದುವೆಗೆ ಮುಂಚೆ ನಿನ್ನ ಕಾಲೂ ಹಾಗೇ ಅಲ್ವಾ ಅಳೆದಿದ್ದು."

"ಅದಕ್ಕೇ ಕೇಳ್ತಿರೋದು."

ಅವಳು ನಕ್ಕು ಒಳಗೆ ಹೋಗಿದ್ದಳು. ಕೊಯ್ಲು ಶುರುವಾದಾಗಿನಿಂದ ಅವಳ ಮುಖ ಮೇಲಕ್ಕೇ. ಮೊದಲೆಲ್ಲ ಅವಳು ಹಾಗೆ ಕತ್ತೆತ್ತಿ ನೋಡುತ್ತಿದ್ದದ್ದು ತನ್ನನ್ನು.

ಮಧ್ಯಾಹ್ನ ಎಲ್ಲರೂ ನೆರಳಲ್ಲಿ ಊಟಕ್ಕೆ ಕೂತರು. ತಮ್ಮಾರೊ ಏನೋ ಅಂದ. ವೈನು ಸುರಿಯುತ್ತಿದ್ದ ಫಿಲುಮೇನಾ ಬಾಟಲಿ ಅಲುಗುವಷ್ಟು ನಕ್ಕಳು. ಎಲ್ಪಿದಿಯೊ ರೊಟ್ಟಿ ಬಿಟ್ಟು ಎದ್ದ. ನೆಟ್ಟಗೆ ಹೋಗಿ ತಮ್ಮಾರೊನ ಏಣಿಯನ್ನೇ ಹತ್ತಿದ.

ಹತ್ತುವಾಗ ಕೈಬಲದಿಂದಲೇ ಮೈಯನ್ನು ಮೇಲಕ್ಕೆ ಎಳೆದುಕೊಂಡ. ತುದಿ ಮುಟ್ಟಿ ಮೊಣಕಾಲು ಸಿಕ್ಕಿಸಲು ಹೋದರೆ ಸಿಗಲೇ ಇಲ್ಲ. ಅದು ಉದ್ದ ಕಾಲಿನವನ ಅಳತೆ. ಇಳಿಯೋಣವೆಂದರೆ ಪಾದಕ್ಕೆ ಕೆಳಗಿನ ಮೆಟ್ಟಿಲು ಎಟುಕದು. ಸೊಂಟ ಹಿಡಿದುಕೊಂಡಿತು. ಏಣಿಯನ್ನು ಅಪ್ಪಿಕೊಂಡ. ಆಮೇಲೆ ಮರ್ಯಾದೆ ಬಿಟ್ಟು ಹೆಂಡತಿಯನ್ನು ಕೂಗಿದ.

ಹತ್ತಿ ಬಂದವನು ಮಾತ್ರ ತಮ್ಮಾರೊ. "ಕಾಲು ಸಡಿಲ ಬಿಡಣ್ಣ, ನಾನು ಮೆಟ್ಟಿಲ ಮೇಲೆ ಇಡಿಸ್ತೀನಿ," ಎಂದು ಅವನ ಪಾದ ಹಿಡಿದುಕೊಂಡ. ಇಂಥ ಅವಮಾನಕ್ಕಿಂತ ಬೀಳುವುದೇ ವಾಸಿ ಎನಿಸಿ ಎಲ್ಪಿದಿಯೊ ಕೆಳಗೆ ನೋಡಿದ.

ಫಿಲುಮೇನಾ ಏಣಿಯ ಬುಡ ತಬ್ಬಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಅಳುತ್ತ, ಬಾಯಿಗೆ ಬಂದಂತೆ ಬೈಯುತ್ತ, ನಡುವೆ ಅಡ್ಡವಾಗಿದ್ದ ತಮ್ಮಾರೊನನ್ನು ದಾಟಿ, ಕತ್ತೆತ್ತಿ ಗಂಡನೊಬ್ಬನನ್ನೇ ನೋಡುತ್ತಿದ್ದಳು.

"ನಡಿ ಅಣ್ಣ," ಎಂದ ತಮ್ಮಾರೊ.

"ತಡಿಯೋ, ಏನವಸರ?" ಎಂದ ಎಲ್ಪಿದಿಯೊ.

ಅವನ ಪಾದ ತಮ್ಮಾರೊನ ಅಂಗೈಯಲ್ಲಿ ಹಾಗೇ ಇತ್ತು.