‘ಬರ್ತೀನಿ’ ಎನ್ನದ ಮುನಿವೆಂಕಟಯ್ಯ

ಎಪ್ಪತ್ತೆಂಟರ ಮುನಿವೆಂಕಟಯ್ಯನವರು ಕಾರಂಟಿ ಮನೆಯಿಂದ ಹೊರಡುವಾಗ ಒಂದು ದಿನವೂ ‘ಬರ್ತೀನಿ’ ಎಂದವರಲ್ಲ. ಹೊಸ್ತಿಲಾಚೆ ನಿಂತು, ಒಳಗಿನ ಶೂನ್ಯಕ್ಕೆ ಮುಖಮಾಡಿ, ಗಟ್ಟಿಯಾಗಿ ‘ಓಗ್ತೀನಿ’ ಎನ್ನುವರು, ಆಮೇಲೆಯೇ ಬೀಗ. ಬೇರೆಡೆ ಅಶುಭವೆನಿಸುವ ಆ ಮಾತು ಅವರ ಬಾಯಲ್ಲಿ ಮಂತ್ರದಂತಿತ್ತು.

ಯಶವಂತಪುರದ ರೈಲು ಹಳಿಗಳಾಚೆ, ಪ್ಲೇಗಿನ ಕಾಲದಲ್ಲಿ ಸೋಂಕಿತರ ಮನೆಯವರನ್ನು ಹತ್ತು ದಿನ ಕೂಡಿಡುತ್ತಿದ್ದ ಉದ್ದನೆಯ ಗಾರೆ ಕಟ್ಟಡವದು. ಕ್ವಾರಂಟೈನ್ ಎಂಬುದು ಊರವರ ನಾಲಗೆಯಲ್ಲಿ ಸವೆದು ಕಾರಂಟಿಯಾಗಿತ್ತು. ಅದನ್ನು ದುರಸ್ತಿ ಮಾಡಿ ವಾಚನಾಲಯವಾಗಿಸುತ್ತಿದ್ದ ಕಂಪನಿಯಲ್ಲಿ ನಾನು ಸಂಬಳದ ಆಳು. ನನ್ನ ಹುದ್ದೆ ಗೋಡೆಯ ಬಿರುಕು ಅಳೆಯುವುದು. ನನ್ನ ಯೋಗ್ಯತೆ ಟೇಪಿನ ಇನ್ನೊಂದು ತುದಿ ಹಿಡಿಯುವುದು. ಕಾವಲು, ಬೀಗದ ಕೈ ಮುನಿವೆಂಕಟಯ್ಯನವರದು. ಎಡಗಾಲನ್ನು ತುಸು ಎಳೆಯುವ ನಡಿಗೆ, ಸೆಕೆಯಲ್ಲೂ ಬಿಚ್ಚದ ಕಂದು ಕೋಟು, ಅದರ ಜೇಬಿನಲ್ಲಿ ಸುಣ್ಣದ ಡಬ್ಬಿ. ಎಲೆಯಡಿಕೆಗೂ ಅದೇ, ಗೋಡೆಯ ತೂತಿಗೂ ಅದೇ.

“ನಮ್ಮಜ್ಜಿ ಅಕ್ಕ ಪಟಾಲಮ್ಮ ಇಲ್ಲಿಂದ ಗಟ್ಟಿಮುಟ್ಟಾಗಿ ಈಚೆ ಬಂದ್ಲು. ಒಳಗಿದ್ದೋರ್ಗೆ ‘ಬತ್ತೀನಿ ಕಣ್ರವ್ವಾ’ ಅಂದ್ಬುಟ್ಲು. ಮೂರ್ನೇ ದಿನಕ್ಕೆ ಗಾಡೀಲಿ ಇಲ್ಗೇ ಆಕ್ಕೊಂಡ್ ಬಂದ್ರು, ತಿರ್ಗಾ ಈಚೆ ಬರ್ನೇ ಇಲ್ಲ. ಈ ಮನೆ ಆಡಿದ್ ಮಾತ್ ಮರೆಯಾಕಿಲ್ಲ ಕಣಪ್ಪ.”

ಅವರು ಹೀಗೆಂದಾಗ ನಾನು ನಕ್ಕಿದ್ದೆ. ಬಾಗಿಲಿಗೆ ಫಲಕ ಬರೆಸುವ ಹೊಣೆ ನನ್ನ ಮೇಲೆ ಬಿದ್ದಾಗ, ಕಂಡಕಂಡ ಹೋಟೆಲುಗಳಲ್ಲಿ ಓದಿದ್ದನ್ನೇ ಬರೆಸಿದೆ: ‘ವಂದನೆಗಳು, ಮತ್ತೆ ಬನ್ನಿ.’ ಮುನಿವೆಂಕಟಯ್ಯನವರು ಓದಿದರು. ಡಬ್ಬಿ ತೆಗೆದು, ತೋರುಬೆರಳಿನಿಂದ ‘ಮತ್ತೆ ಬನ್ನಿ’ಯ ಮೇಲೆ ಸುಣ್ಣ ಬಳಿದರು. ಸಿಕ್ಕಿಬಿದ್ದವನ ಅವಸರದಲ್ಲಿ ನಾನು ಬ್ಯಾಗು ಹೆಗಲಿಗೇರಿಸಿ, ಮಾತು ಕಲಿತಾಗಿನಿಂದ ರೂಢಿಯಾದದ್ದನ್ನೇ ಆಡಿಬಿಟ್ಟೆ:

“ಬರ್ತೀನಿ ತಾತ.”

“ಹೂಂ,” ಎಂದಿತು ಒಳಗಿನಿಂದ ಒಂದು ಹೆಣ್ಣುದನಿ.

ನಡುಹಗಲು. ಒಳಗೆ ಯಾರೂ ಇರಲಿಲ್ಲ.

ಅವರು ರಟ್ಟೆ ಹಿಡಿದು ನನ್ನನ್ನು ಮೆಟ್ಟಿಲಿಳಿಸಿದರು. ಕಾಲೆಳೆಯುತ್ತ ಹೊಸ್ತಿಲಿಗೆ ಮರಳಿ, ಕೋಟಿನ ಗುಂಡಿ ಹಾಕಿಕೊಂಡರು. “ಉಡುಗ, ಗೊತ್ತಿಲ್ದೆ ಅಂದವ್ನೆ, ಬಿಟ್ಬುಡವ್ವ. ಅವನ್ ಮಾತ್ಗೆ ಅವನ್ ಬದ್ಲು ನಾನ್ ಬತ್ತೀನಿ.”

“ತಾತ, ಏನಂದ್ರಿ ನೀವು?”

“ನಿನ್ ಟೇಪಿಗೆ ಸಿಕ್ಕಾಕಿಲ್ಲ ಬುಡು. ಓಗ್ತೀನಿ ಅನ್ನು, ಓಗು.”

ಹತ್ತನೆಯ ದಿನ ವಾಚನಾಲಯ ತೆರೆಯಿತು. ಬೀಗದ ಕೈ ತಂದುಕೊಟ್ಟವರು ಅವರ ಮಗಳು ಯಶೋಧಾ. “ಅಪ್ಪ ಮೊನ್ನೆ ಹೋಗ್ಬಿಟ್ರು,” ಎಂದರು. ಹೋಗಲಿಲ್ಲ, ಬಂದರು ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ.

ಹಳೆಯ ಮನೆಗಳ ಬಿರುಕಿಗೆ ಗಾರೆ ತುಂಬಿ, ಉಳಿಸಿದೆವೆಂದು ಬೀಗುವವರು ನಾವು. ಕಾಯುವವರ ಕುಲವೇ ಬೇರೆ: ಪರರು ಬಾಯಿತಪ್ಪಿ ಆಡಿದ ಮಾತನ್ನೂ ತಮ್ಮ ತಲೆಯ ಮೇಲೆ ಹೊತ್ತು, ಕೋಟಿನ ಗುಂಡಿ ಹಾಕಿಕೊಂಡು, ಸದ್ದಿಲ್ಲದೆ ನಡೆಸಿಕೊಡುವವರು.